ಇಂದಕ್ಕನ ಹಿತ್ತಲಿನ ಗುಳುಂ

ಆ ಮಧ್ಯಾಹ್ನ ತೆರೆದ ನನ್ನ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲವೆಂದು ನನ್ನ ಹೆಂಡತಿ ಸುಗುಣ ಹೇಳುತ್ತಾಳೆ. ಅವಳದ್ದು ಮುಚ್ಚಿತೇ ಎಂದು ನಾನು ಕೇಳಿಲ್ಲ. ಕೇಳುವುದಾದರೆ ಮನೆಯೊಳಗೆ ಕೇಳಬೇಕು, ಹಿತ್ತಲಲ್ಲಿ ಕೇಳುವಂತಿಲ್ಲ. ನಮ್ಮೂರಿನಲ್ಲಿ ಹಿತ್ತಲೆಂದರೆ ಕಾಲುವೆ, ಕಾಲುವೆಯೆಂದರೆ ನೀರಿಲಿ, ನೀರಿಲಿಯೆಂದರೆ ಗುಳುಂ. ಗುಳುಂ ಬಿತ್ತೆಂದರೆ ಆಡಿದ್ದು ಆಡಿದ್ದೇ, ಬ್ರಹ್ಮ ಬಂದರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಮದುವೆಗೆ ಒಪ್ಪಿದ್ದು, ತೋಪು ಪಾಲಾದದ್ದು, ಹತ್ತು ವರ್ಷದ ಜಗಳ ರಾಜಿಯಾದದ್ದು, ಯಾವುದೇ ಇರಲಿ, ನೀರಂಚಿಗೆ ಬಂದು ಗಟ್ಟಿಯಾಗಿ ಹೇಳಬೇಕು. ಹೇಳಿದ ಕೂಡಲೇ ದಂಡೆಯ ಹುಲ್ಲಿನಿಂದ ನೀರಿಲಿಯೊಂದು ಕಾಲುವೆಗೆ ಹಾರಿ ಗುಳುಂ ಎನ್ನಬೇಕು. ಎಂದಿತೋ, ಮಾತು ನಿಂತಿತು. ಎನ್ನಲಿಲ್ಲವೋ, ಗಾಳಿಗೆ ಹೋಯಿತು. ನಾನು ಹೊರಗಿನವನು, ಇಲ್ಲಿಯ ಶಾಲೆಗೆ ವ್ಯಾಕರಣ ಕಲಿಸಲು ಬಂದು ಅಳಿಯನಾದವನು. ಬಂದ ಹೊಸದರಲ್ಲಿ ಈ ಊರಿನವರಿಗೆ ಏನೋ ಮರೆವಿನ ರೋಗವಿದೆ ಎಂದುಕೊಂಡಿದ್ದೆ. ಪಕ್ಕದ ಹಿತ್ತಲಿನಿಂದ ಯಾರಾದರೂ "ಮೇಷ್ಟ್ರೇ, ನಾಳೆ ಸಾಯಂಕಾಲ ನಿಮ್ಮನೆಗೆ ನಾನು..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿ, ಪಂಚೆ ಎತ್ತಿಕಟ್ಟಿ ಒಳಗೆ ಓಡಿ, ಅಡುಗೆಮನೆಯ ಕಿಟಕಿಯಿಂದ "ಬರ್ತೀನಿ!" ಎಂದು ಕೂಗುವರು. ಕ್ರಿಯಾಪದವಿಲ್ಲದ ಮಾತಿಗೆ ಗುಳುಂ ಬಿದ್ದರೂ ಅದು ಯಾರ ಕೊರಳಿಗೂ ಬೀಳುವುದಿಲ್ಲ. ಅದಕ್ಕೇ ನೀರಂಚಿನಲ್ಲಿ ಇವರು ಕ್ರಿಯಾಪದವನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದು. ಕನ್ನಡದಲ್ಲಿ ಕ್ರಿಯಾಪದ ಕಟ್ಟಕಡೆಗೆ ಬರುವುದು ಏಕೆಂದು ನನ್ನ ಗುರುಗಳು ಏನೇನೋ ಹೇಳಿದ್ದರು. ಈ ಊರಿನವರು ಬದುಕಿಕೊಳ್ಳಲಿ ಎಂದೇ ಇರಬೇಕು.

ಬದುಕಿಕೊಳ್ಳದವರೂ ಇದ್ದಾರೆ. ಸುಗುಣಳ ತಾತನ ಕಾಲದಲ್ಲಿ ಸೂರಪ್ಪನೆಂಬ ಯಜಮಾನ ಪಾಲಿನ ದಿನ ನೀರಂಚಿನಲ್ಲಿ ನಿಂತು "ಈ ಮಾವಿನ ತೋಪನ್ನ ನನ್ನ ತಮ್ಮನಿಗೆ ನಾನು..." ಎನ್ನುವಷ್ಟರಲ್ಲಿ ಕೆಮ್ಮು ಬಂತಂತೆ. ಅವನ ಗಂಟಲಲ್ಲಿ ಇದ್ದದ್ದು "ಕೊಡೋದಿಲ್ಲ". ಪಕ್ಕದಲ್ಲೇ ನಿಂತಿದ್ದ ತಮ್ಮ "ಬಿಟ್ಟುಕೊಟ್ಟೆ!" ಎಂದು ಕೂಗಿಬಿಟ್ಟ. ಗುಳುಂ. ಸೂರಪ್ಪ ನೆಲಕ್ಕೆ ಬಿದ್ದು ಹೊರಳಾಡಿದರೂ ಹಿರಿಯರು ಕರಗಲಿಲ್ಲ. "ವಾಕ್ಯ ನಿನ್ನದು ಕಣಪ್ಪ. ಬಂಡಿ ನಿನ್ನದಾದ ಮೇಲೆ ಎತ್ತು ಯಾರು ಹೂಡಿದರೇನು?" ಎಂದರಂತೆ. ತೋಪು ಹೋಯಿತು. ಕೆಮ್ಮು ಉಳಿಯಿತು.

ಬಿದ್ದದ್ದು ಗುಳುಂ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಊರಿಗೊಬ್ಬರು ಕಿವಿಗಾರರಿದ್ದಾರೆ. ವಂಶಪಾರಂಪರ್ಯದ ಹುದ್ದೆ. ಈಗಿನವರು ಪಾರಿಸಪ್ಪನವರು. ಬೇಸಿಗೆಯಲ್ಲೂ ಕರಿಕೋಟು ಬಿಚ್ಚದ ಮನುಷ್ಯ. ನೀರಂಚಿನಲ್ಲಿ ಬೆತ್ತದ ಕುರ್ಚಿ ಹಾಕಿಸಿ ಕೂತು, "ಕಣ್ಣು ಮುಚ್ಚಿ" ಎಂದು ನೆರೆದವರಿಗೆಲ್ಲ ಹೇಳುತ್ತಾರೆ. ಕಣ್ಣು ತೆರೆದರೆ ಕಿವಿ ಮಂದವಾಗುತ್ತದೆಂದು ಶಾಸ್ತ್ರ. ಎಲ್ಲರೂ ಮುಚ್ಚುತ್ತಾರೆ. ಮಾತು ಆಗುತ್ತದೆ. ನೀರಲ್ಲಿ ಸದ್ದಾಗುತ್ತದೆ. ಪಾರಿಸಪ್ಪನವರು ಬಲಗೈ ತೋರುಬೆರಳು ಎತ್ತಿ, "ಬಿತ್ತು!" ಎನ್ನುತ್ತಾರೆ. ವಾಲಗ. ಪಾನಕ.

ಅವರ ಕಾಲದಲ್ಲಿ ಊರು ಬಹಳ ಸಭ್ಯವಾಯಿತೆಂದು ಹೆಸರು. ಮೊದಲೆಲ್ಲ ಸಿಟ್ಟಲ್ಲಿ ಬಾಯಿತಪ್ಪಿ ಆಡಿದ ಮಾತಿಗೆ ಗುಳುಂ ಬಿದ್ದು, ಹೆಂಡತಿ ಮನೆ ಬಿಟ್ಟದ್ದು, ಗಂಡ ಉಪ್ಪು ಬಿಟ್ಟದ್ದು ವಾರಕ್ಕೊಂದು ಕಥೆಯಿತ್ತಂತೆ. ಪಾರಿಸಪ್ಪನವರು ಬಂದ ಮೇಲೆ ಅಂಥದ್ದು ಒಂದೂ ಇಲ್ಲ. ದಂಡೆಗೆಲ್ಲ ಸಿಮೆಂಟು ಹಾಕಿಸಿ, ಜೊಂಡು ಕೀಳಿಸಿ, ಮೆಟ್ಟಿಲಿಗೆ ಹೆಂಚು ಕೂರಿಸಿ ಹಿತ್ತಲುಗಳನ್ನು ಹಜಾರದ ಹಾಗೆ ಮಾಡಿದವರೂ ಅವರೇ. ಇನ್ನೊಂದು ವಿಷಯವನ್ನು ನಾನು ಆಗ ಗಮನಿಸಿದ್ದೆ, ಯೋಚಿಸಿರಲಿಲ್ಲ. ಕಾಲುವೆಯ ಕೆಳಗಿನ ಊರಿನವರು ನಮ್ಮೂರ ಮದುವೆ ಕಾಲವನ್ನು ಸೀಬೆ ತಿಂಗಳು ಎನ್ನುತ್ತಾರೆ. ಅಲ್ಲಿಯ ಮಕ್ಕಳು ನಮ್ಮ ಮದುವೆಗಳಿಗಾಗಿ ಬಕಪಕ್ಷಿಗಳ ಹಾಗೆ ಕಾಲುವೆಯಲ್ಲಿ ಕಾದು ನಿಲ್ಲುತ್ತವೆ.

ಮತ್ತೂ ಒಂದು. ಗುಳುಂ ಎಂಬುದು ಅನುಕರಣಾವ್ಯಯ, ಸದ್ದು ಹೇಗೋ ಪದ ಹಾಗೆ ಎಂದು ಮಕ್ಕಳಿಗೆ ವರ್ಷವರ್ಷವೂ ಕಲಿಸುತ್ತೇನೆ. ಈ ಊರಿನ ಮದುವೆಗಳಲ್ಲಿ ನನಗೆ ಕೇಳಿಸಿದ್ದು ಮಾತ್ರ ಯಾವಾಗಲೂ "ದುಬುಕ್". ನನ್ನ ಮದುವೆಯಲ್ಲಂತೂ ಎರಡು ದುಬುಕ್ ಒಂದರ ಬೆನ್ನಿಗೊಂದು ಬಿದ್ದವು. ಜೋಡಿ ಗುಳುಂ, ಇಂಥ ಅದೃಷ್ಟ ನೂರಕ್ಕೊಬ್ಬರಿಗೆ ಎಂದು ಮಾವನವರು ಬೀಗಿದರು. ವ್ಯಾಕರಣದ ಮೇಷ್ಟ್ರಿಗೆ ಕಿವಿಗಿಂತ ಪುಸ್ತಕದ ಮೇಲೆ ನಂಬಿಕೆ ಹೆಚ್ಚು. ಸುಮ್ಮನಾದೆ.

ಇಂದುಮತಿ ನಮ್ಮ ಪಕ್ಕದ ಮನೆಯವಳು. ಎಲ್ಲರಿಗೂ ಇಂದಕ್ಕ. ಅಪ್ಪ ಬಿಟ್ಟುಹೋದ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸುತ್ತಾಳೆ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಹೇಗಾಗಿದೆಯೆಂದರೆ ಗುಟ್ಟು ಹೇಳಿದರೆ ಆಚೆ ದಂಡೆಯವರು ಉತ್ತರ ಕೊಡುತ್ತಾರೆ. ನಲವತ್ತು ದಾಟಿದ ಮೇಲೆ ಮದುವೆಯ ಯೋಚನೆ ಬಂತು. ಬಂದದ್ದು ಸೈಕಲ್ ಅಂಗಡಿಯ ಧೂಮಣ್ಣನಿಂದ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದ್ದ, ಹೆಚ್ಚು ಮಾತಾಡದ ಮನುಷ್ಯ. ಗಿರಣಿಯ ಬೆಲ್ಟು ಸರಿಮಾಡಲು ಬಂದು, ಬೆಲ್ಟು ಸರಿಯಾದ ಮೇಲೂ ಬರುತ್ತಿದ್ದ.

ಒಪ್ಪಿಗೆಯ ದಿನ ನಾವೆಲ್ಲ ಅವಳ ಹಿತ್ತಲಲ್ಲಿ ಕಣ್ಣು ಮುಚ್ಚಿ ನಿಂತೆವು. ಧೂಮಣ್ಣ "ನನ್ನ ಮನೆಗೆ ಬರ್ತೀಯಾ?" ಎಂದ. ಇಂದಕ್ಕ "ಬರ್ತೀನಿ" ಎಂದಳು. ದುಬುಕ್. ಪಾರಿಸಪ್ಪನವರು "ಬಿತ್ತು!" ಎಂದರು. ನಾನು ಪಾನಕಕ್ಕೆ ಕೈಚಾಚಿದ್ದೆ.

"ಏನು ಬಿತ್ತು?" ಎಂದಳು ಇಂದಕ್ಕ. ಅವಳು ಕಣ್ಣು ತೆರೆದುಬಿಟ್ಟಿದ್ದಳು. ಮುಖ ಬೂದಿಯಾಗಿತ್ತು. ತಲೆನೋವೆಂದು ಒಳಗೆ ಹೋದಳು. ಮದುವೆ ನಿಂತಿತು. ಏಕೆಂದು ಊರಿಗೆ ತಿಳಿಯಲಿಲ್ಲ. ಎರಡು ದಿನದ ಮೇಲೆ ಬೇಲಿಯ ಹತ್ತಿರ ಸುಗುಣಳಿಗೆ ಹೇಳಿದಳು, ಗುಟ್ಟಾಗಿ, ಅಂದರೆ ನನಗೂ ಕೇಳುವಂತೆ.

"ಸೀಬೆಕಾಯಿ ಕಣೇ ಸುಗುಣ. ನೀರಲ್ಲಿ ತೇಲ್ಕೊಂಡು ಹೋಗ್ತಾ ಇತ್ತು. ಕಣ್ಣಾರೆ ನೋಡಿದೆ."

"ಮರದಿಂದ ಬಿದ್ದಿರಬೇಕು ಅಕ್ಕ," ಎಂದಳು ಸುಗುಣ.

"ನನ್ನ ಹಿತ್ತಲಲ್ಲಿ ಸೀಬೆಮರ ಎಲ್ಲಿದೆ? ಎಸೆದಿದಾನೆ. ಆ ಮನುಷ್ಯನೇ ಎಸೆದಿದಾನೆ. ಊರಿಗೆಲ್ಲ ನಿಜವಾದ ಗುಳುಂ ಬೀಳತ್ತೆ, ನನಗೊಬ್ಬಳಿಗೆ ಸೀಬೆಕಾಯಿ! ಕೇಳಿದೆ. ದೇವರಾಣೆ ನಾನಲ್ಲ ಅಂತಾನೆ. ಆಣೆಗೇನು, ಗುಳುಂ ಬಿತ್ತಾ? ನಮ್ಮಜ್ಜಿ ತೊಡೆ ಮೇಲೆ ಕೂತು ನಿಜವಾದ್ದು ಕೇಳಿದೀನಿ ನಾನು. ಅದು ಬೀಳೋವರೆಗೆ ಅವನ ಮಾತೂ ಇಲ್ಲ, ನನ್ನ ಮಾತೂ ಇಲ್ಲ."

ಸುಗುಣ ಒಳಗೆ ಹೋದಳು. ಆ ರಾತ್ರಿ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಇಂದಕ್ಕನ ದುಃಖಕ್ಕೆ ಎಷ್ಟು ನೊಂದಿದ್ದಾಳಲ್ಲ ಎಂದು ನನಗೆ ಹೆಂಡತಿಯ ಮೇಲೆ ಗೌರವ ಹೆಚ್ಚಿತು.

ಮರುವಾರ ಇಂದಕ್ಕ ಹಾರೆ ಹಿಡಿದು ತನ್ನ ದಂಡೆಯ ಸಿಮೆಂಟು ಒಡೆಯತೊಡಗಿದಳು. ನೀರಿಲಿ ಇದ್ದರಲ್ಲವೇ ಗುಳುಂ? ಬಿಲ ತೋಡಲು ಮಣ್ಣಿದ್ದರಲ್ಲವೇ ನೀರಿಲಿ? ಊರು ನಗುವುದಕ್ಕೆ ಇದಕ್ಕಿಂತ ಏನು ಬೇಕು. "ಗಿರಣಿಯಲ್ಲಿ ಇಲಿ ಹೊಡೀತಾಳೆ, ಹಿತ್ತಲಲ್ಲಿ ಇಲಿ ಸಾಕ್ತಾಳೆ. ಗಂಡು ಸಿಗದಿದ್ರೆ ಹೀಗೇ ಆಗೋದು," ಎಂದರು. ಅವಳು ಗಿರಣಿಗೆ ಬಂದವರಿಗೆಲ್ಲ ಹಿಟ್ಟಿನ ಜೊತೆ ಪಾಠ ಕೊಟ್ಟಳು. ಮನೆ ಇಲಿಗೆ ಚೂಪು ಮೂತಿ, ಬೋಳು ಬಾಲ. ನೀರಿಲಿಗೆ ದುಂಡು ಮುಖ, ಬಾಲಕ್ಕೂ ತುಪ್ಪಳ, ಕಿವಿ ಕೂದಲೊಳಗೆ. ಅದು ಕಾಳು ಮುಟ್ಟುವುದಿಲ್ಲ, ಹುಲ್ಲು ತಿಂದು ಮರ್ಯಾದೆಯಾಗಿ ಬದುಕುತ್ತದೆ. ಆದ್ದರಿಂದ ಹಿತ್ತಲಲ್ಲಿ ಪಾಷಾಣ ಇಡಬೇಡಿ, ನೀರಂಚಿನ ಹುಲ್ಲನ್ನು ಮಂಡಿಯೆತ್ತರಕ್ಕೆ ಬಿಡಿ, ಪೂರ್ತಿ ಬೋಳಿಸಬೇಡಿ. ಪಾರಿಸಪ್ಪನವರು ಖುದ್ದಾಗಿ ಬಂದು, "ದಂಡೆ ಕುಸಿಯತ್ತೆ ತಾಯಿ, ಹಾವು ಬರತ್ತೆ," ಎಂದರು. "ಬರಲಿ, ಅದಕ್ಕೂ ಒಂದು ಚಾಪೆ ಹಾಕ್ತೀನಿ," ಎಂದಳು. ಅದನ್ನವಳು ಹೇಳಿದ್ದು ಹಿತ್ತಲಲ್ಲೇ, ಕ್ರಿಯಾಪದ ಸಮೇತ.

ಧೂಮಣ್ಣ ಮೂರನೆಯ ದಿನ ತನ್ನ ಹಾರೆ ತಂದು ಇನ್ನೊಂದು ತುದಿಯಿಂದ ಒಡೆಯತೊಡಗಿದ. ಇಬ್ಬರಿಗೂ ಮಾತಿಲ್ಲ. "ಸುಗುಣ, ಅವರಿಗೆ ಹೇಳು, ಮಣ್ಣನ್ನ ಇಳಿಜಾರು ಮಾಡಬೇಕು, ಇಲಿ ಹತ್ತಿ ಬರೋ ಹಾಗೆ," ಎಂದು ಇಂದಕ್ಕ ಬೇಲಿಯ ಕಡೆ ಕೂಗುವಳು. ಆ ಕೂಗು ಧೂಮಣ್ಣನ ತಲೆಯ ಮೇಲೇ ಹಾದುಬರುತ್ತಿತ್ತು. ಅವನು ಸುಗುಣಳ ಕಡೆ ನೋಡುವನು. ಸುಗುಣ ತಲೆಯಾಡಿಸುವಳು. ಅವನು ಇಳಿಜಾರು ಮಾಡುವನು. ಇಬ್ಬರೂ ಕಾಲುವೆಯ ಮೇಲ್ಭಾಗದಿಂದ ಜೊಂಡು ತಂದು ನೆಟ್ಟರು, ಬೇರೆ ಬೇರೆ ಬುಟ್ಟಿಯಲ್ಲಿ. ಬೆಕ್ಕುಗಳ ಕಾಟಕ್ಕೆ ಏನು ಮಾಡುವುದೆಂದು ಇಂದಕ್ಕ ಬೇಲಿಗೆ ಹೇಳಿಕೊಂಡ ಮರುದಿನ ಬೀದಿಯ ಬೆಕ್ಕುಗಳ ಕೊರಳಲ್ಲೆಲ್ಲ ಮಕ್ಕಳ ಸೈಕಲ್ಲಿನ ಗಿಲಕಿ ಮಣಿ. ನಮ್ಮ ಬೆಕ್ಕು ನಾಚಿಕೆಯಿಂದ ಅಟ್ಟ ಹತ್ತಿ ಕೂತಿತು.

ಮಳೆ ಬಂತು, ಹೋಯಿತು. ಜೊಂಡು ಆಳೆತ್ತರವಾಯಿತು. ಒಂದು ಬೆಳಿಗ್ಗೆ ಇಂದಕ್ಕ ಬೇಲಿಯ ಮೇಲಿಂದ ಅಂಗೈ ಚಾಚಿದಳು. ಅದರಲ್ಲಿ ಬೆರಳುದ್ದದ ಜೊಂಡಿನ ತುಂಡುಗಳು, ಎಲ್ಲದರ ತುದಿಯೂ ಕತ್ತರಿ ಹಿಡಿದಂತೆ ಓರೆ. "ಕೂತು ಊಟ ಮಾಡಿ ಎಲೆ ಬಿಟ್ಟು ಹೋಗಿದಾವೆ ಮೇಷ್ಟ್ರೇ!" ಎಂದಳು. ಜೀವಮಾನದಲ್ಲಿ ಮೊದಲ ಸಲ ಅವಳ ದನಿ ಪಿಸುಗುಟ್ಟಿತು. ಅವತ್ತಿನಿಂದ ಹಿತ್ತಲಿಗೆ ಯಾರನ್ನೂ ಬಿಡಲಿಲ್ಲ. ಆಮೇಲೊಂದು ದಿನ ಸುಗುಣಳಿಗೆ ಹೇಳಿದಳು, "ಅವರಿಗೆ ಹೇಳು, ಇನ್ನೊಂದು ಸಲ ಕೇಳಲಿ. ಈ ಸಲ ಊರಿಗೆ ಊರೇ ಬರಲಿ. ಗುಳುಂ ಬಿದ್ರೆ ಬಿತ್ತು. ಸೀಬೆಕಾಯಿ ಬಿದ್ರೆ ಅವರ ಮುಖ ನಾನು ನೋಡಲ್ಲ, ಗಿರಣಿ ಮುಚ್ಚಿ ಊರು ಬಿಡ್ತೀನಿ."

ಊರಿಗೆ ಊರೇ ಬಂತು, ನಗಲಿಕ್ಕೆ. ಇಂದಕ್ಕ ಕುರ್ಚಿಗಳನ್ನೆಲ್ಲ ದಂಡೆಯಿಂದ ದೂರ ಹಾಕಿಸಿದ್ದಳು. ಪಾರಿಸಪ್ಪನವರ ಬೆತ್ತದ ಕುರ್ಚಿಯೊಂದೇ ಜೊಂಡಿನ ಹತ್ತಿರ. ಅವರ ಹೆಂಡತಿ ಪದ್ಮಕ್ಕ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾವು ಎರಡನೆಯ ಸಾಲು. "ಕಣ್ಣು ಮುಚ್ಚಿ" ಎಂದರು ಪಾರಿಸಪ್ಪನವರು. ಮುಚ್ಚಿದೆವು.

"ನನ್ನ ಮನೆಗೆ ಬರ್ತೀಯಾ, ಇಂದು?" ಎಂದ ಧೂಮಣ್ಣ.

"ಬರ್ತೀನಿ!" ಎಂದಳು ಇಂದಕ್ಕ, ಗಿರಣಿಯ ದನಿಯಲ್ಲಿ.

ಆಗ ಆ ಸದ್ದು ಬಂತು. ಸಣ್ಣದು, ದುಂಡಗಿನದು, ಮಜ್ಜಿಗೆಯ ಗಡಿಗೆಗೆ ಹಲಸಿನ ಬೀಜ ಬಿದ್ದಂತೆ, ನೀರು ಏನನ್ನೋ ನುಂಗಿ ಬಾಯಿ ಒರೆಸಿಕೊಂಡಂತೆ. ಪದ ಹೇಗೋ ಸದ್ದು ಹಾಗೆ. ನನ್ನ ಮೈ ಜುಂ ಎಂದಿತು. ಇಷ್ಟು ವರ್ಷ ಕಲಿಸಿದ ಅನುಕರಣಾವ್ಯಯವನ್ನು ನಾನು ಅಂದು ಮೊದಲು ಕೇಳಿದೆ.

ಪಾರಿಸಪ್ಪನವರ ಬೆರಳು ಏಳಲಿಲ್ಲ. "ಏನದು? ಯಾರಪ್ಪ ಅದು ಕಲ್ಲು ಎಸೆದದ್ದು?" ಎಂದರು.

ಎಲ್ಲರೂ ಕಣ್ಣು ತೆರೆದರು. ನೀರಿನ ಮೇಲೆ ಉಂಗುರ ಉಂಗುರವಾಗಿ ಅಲೆ. ಅದರ ನಡುವಿನಿಂದ ಗೆರೆ ಎಳೆದಂತೆ ಕಂದು ತಲೆಯೊಂದು ಆಚೆ ದಂಡೆಗೆ ಈಜಿ ಹೋಗುತ್ತಿತ್ತು.

"ಅದೇ ಗುಳುಂ," ಎಂದಳು ಇಂದಕ್ಕ.

"ಇದು ಗುಳುಂ ಅಲ್ಲ," ಎಂದರು ಪಾರಿಸಪ್ಪನವರು. ನಿಜವಾಗಿಯೂ ನೊಂದಿದ್ದರು, ಪಾಪ. "ಮೂವತ್ತು ವರ್ಷದಿಂದ ಕೇಳ್ತಾ ಇದೀನಿ ತಾಯಿ, ನನಗೆ ಗೊತ್ತಿಲ್ವೇ? ಗಿರಣಿ ಕಿವಿ ನಿನ್ನದು. ಗುಳುಂ ಅಂದ್ರೆ ತೂಕ ಇರತ್ತೆ, ಗಾಂಭೀರ್ಯ ಇರತ್ತೆ. ಬೇಕಾದ್ರೆ ನೋಡು, ಹೀಗೆ..." ಎನ್ನುತ್ತ ಕೋಟಿನ ಜೇಬಿಗೆ ಕೈಹಾಕಿ, ಹೊರತೆಗೆದು, ನೀರಿಗೆ ಎಸೆದರು.

ದುಬುಕ್.

ಸೀಬೆಕಾಯಿ ಮುಳುಗಿ, ಎದ್ದು, ಎಲ್ಲರ ಮುಂದೆ ತಿರುಗುತ್ತ ತೇಲಿತು. ಅದೊಂದೇ ಅಲ್ಲ. ಅದನ್ನು ತೆಗೆಯುವ ರಭಸಕ್ಕೆ ಜೇಬಿನಿಂದ ಇನ್ನೊಂದು ಹೊರಬಿದ್ದು ಹುಲ್ಲಿನ ಮೇಲೆ ಉರುಳಿ ಇಂದಕ್ಕನ ಕಾಲ ಬೆರಳಿಗೆ ತಾಗಿ ನಿಂತಿತು. ಇಂದಕ್ಕ ಅದನ್ನು ನೋಡಿದಳು. ಧೂಮಣ್ಣನನ್ನು ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಹೇಳಲು ನನ್ನ ವ್ಯಾಕರಣದಲ್ಲಿ ಪದವಿಲ್ಲ.

ಎಲ್ಲರಿಗೂ ಸಿಡಿಲು ಬಡಿದಿತ್ತು. ಆದರೆ ವಿಚಿತ್ರವೆಂದರೆ ಯಾರೂ ಪಾರಿಸಪ್ಪನವರನ್ನು ನೋಡುತ್ತಿರಲಿಲ್ಲ. ಗಂಡಂದಿರು ನೆಲ ನೋಡುತ್ತಿದ್ದರು. ಅತ್ತೆಯಂದಿರು ಆಕಾಶ ನೋಡುತ್ತಿದ್ದರು. ನನ್ನ ಮಾವನವರು ಎದ್ದು ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದರು. "ನಮ್ಮದೂ..." ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. "ನಮ್ಮದೂನಾ? ನಾವೊಬ್ಬರೇ ಅಂದುಕೊಂಡಿದ್ವಿ!" ಎಂದಿತು ಇನ್ನೊಂದು. ಸುಗುಣ ನನ್ನ ತೋಳು ಹಿಡಿದು, "ರೀ, ನಮ್ಮ ಚಿಕ್ಕತಾತ ಅವತ್ತು ಗೋಡೆ ಹಿಂದೆ..." ಎಂದು ನಿಲ್ಲಿಸಿದಳು. ಕ್ರಿಯಾಪದ ಬೇಕಿರಲಿಲ್ಲ. ಜೋಡಿ ಗುಳುಂ! ಒಂದು ಚಿಕ್ಕತಾತನದ್ದು, ಇನ್ನೊಂದು ಕರಿಕೋಟಿನದ್ದು. ಇಡೀ ಊರು ಸೀಬೆಕಾಯಿಯ ಮೇಲೆ ಸಂಸಾರ ಕಟ್ಟಿ, ಪ್ರತಿಯೊಂದು ಮನೆಯೂ ಕಳ್ಳತನ ತನ್ನದೊಂದೇ ಎಂದು ತಲೆತಗ್ಗಿಸಿ ಬದುಕಿತ್ತು.

ಮೊದಲು ಎದ್ದವರು ಪದ್ಮಕ್ಕ. "ನಮ್ಮ ಮದುವೇಲಿ ನಿಮ್ಮಪ್ಪ ಬೆರಳೆತ್ತಿದ್ದು ಯಾವುದಕ್ಕೆ? ಹೇಳಿ, ಯಾವುದಕ್ಕೆ?" ಎಂದರು. ಪಾರಿಸಪ್ಪನವರು ಕೋಟಿನ ಜೇಬು ಮುಚ್ಚಿ ಹಿಡಿದರು. "ಅಯ್ಯಯ್ಯೋ, ಇನ್ನು ಒಂದು ದಿನಾನೂ ನಾನು ನಿಮಗೆ ಅಡುಗೆ ಮಾಡಲ್ಲ!" ಎಂದು ಪದ್ಮಕ್ಕ ಕಿರುಚಿದರು.

ಗುಳುಂ.

ಮೂವತ್ತು ವರ್ಷದಲ್ಲಿ ಊರಿನ ಮೊದಲ ಬಾಯಿತಪ್ಪು ಅದು. ಪದ್ಮಕ್ಕ ಬಾಯಿಗೆ ಸೆರಗು ತುರುಕಿಕೊಂಡರು. ನೆರೆದವರೆಲ್ಲ ಕೈಯಿಂದ ಬಾಯಿ ಮುಚ್ಚಿಕೊಂಡರು. ಮಕ್ಕಳ ಬಾಯನ್ನು ತಾಯಂದಿರು ಮುಚ್ಚಿದರು.

ಪಾರಿಸಪ್ಪನವರ ಮುಖ ಬಿಳಿಯಾಗಿ ಕೆಂಪಾಯಿತು. ಎದ್ದು ನಿಂತು ಜೊಂಡಿನ ಕಡೆ ಕೈಚಾಚಿದರು. "ನನ್ನ ಮನೆ ಮುರಿದವು! ಊರಿನ ಮನೆಗಳನ್ನೆಲ್ಲ ಮುರೀತಾವೆ! ಈ ದಂಡೆನ, ಈ ಇಲಿಗಳನ್ನ, ಒಂದೂ ಬಿಡದ ಹಾಗೆ, ಇವತ್ತಿನಿಂದಲೇ ನಾನು..."

ನಿಲ್ಲಿಸಿದರು. ಅವರ ನಾಲಿಗೆಯ ಮೇಲೆ ಯಾವ ಕ್ರಿಯಾಪದವಿತ್ತೆಂದು ಎಲ್ಲರಿಗೂ ಗೊತ್ತು. ಕಿವಿಗಾರರು ಗುಳುಂ ಹಾಕಿ ಹೇಳಿದ ಮೇಲೆ ಊರೇ ಗುದ್ದಲಿ ಹಿಡಿಯಬೇಕು, ಸಂಜೆಯೊಳಗೆ ದಂಡೆ ಅಗೆದು ಪಾಷಾಣ ಸುರಿದು ಮುಗಿಯುತ್ತಿತ್ತು. ಇಂದಕ್ಕನ "ಬರ್ತೀನಿ"ಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಆದರೆ ಹುಟ್ಟಿದ ಊರಿನ ಅಭ್ಯಾಸ ಎಲ್ಲಿ ಹೋದೀತು? ಅಷ್ಟು ಕೋಪದಲ್ಲೂ, ಆ ಕ್ರಿಯಾಪದವನ್ನು ಒಳಗೆ ಹೋಗಿ ಹೇಳಲೆಂದು ಅವರು ಇಂದಕ್ಕನ ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟರು.

"ಕಾಪಾಡ್ತೀನಿ!" ಎಂದಳು ಇಂದಕ್ಕ.

ಆಚೆ ದಂಡೆಯ ಕೊಕ್ಕರೆಗಳು ಎದ್ದುಹೋದವು. ಜೊಂಡು ಅಲುಗಾಡಿತು. ಗುಳುಂ.

ಪಾರಿಸಪ್ಪನವರು ನಿಂತಲ್ಲೇ ನಿಂತರು. ನಾವೆಲ್ಲ ನೋಡುತ್ತಿದ್ದಂತೆ ಅವರ ಬಲಗೈ ತೋರುಬೆರಳು ಮೆಲ್ಲಗೆ, ತನ್ನಷ್ಟಕ್ಕೆ, ಮೇಲೆದ್ದಿತು. ಅವರು ಅದನ್ನು ಎಡಗೈಯಿಂದ ಹಿಡಿದು ಇಳಿಸಲು ನೋಡಿದರು. ಇಳಿಯಲಿಲ್ಲ. ಮುತ್ತಜ್ಜಂದಿರ ಬೆರಳದು, ಅದಕ್ಕೆ ನೆನಪಿತ್ತು.

"ವಾಕ್ಯ ನಿಮ್ಮದು ಕಣ್ರೀ ಕಿವಿಗಾರರೇ," ಎಂದ ಧೂಮಣ್ಣ, ಅಂದು ಸಭೆಯಲ್ಲಿ ಆಡಿದ ಎರಡನೆಯ ಮಾತು. "ಬಂಡಿ ನಿಮ್ಮದಾದ ಮೇಲೆ ಎತ್ತು ಯಾರು ಹೂಡಿದರೇನು?"

ಯಾರೂ ಪಾನಕ ಕುಡಿಯಲಿಲ್ಲ. ಬಾಯಿಯ ಮೇಲಿನ ಕೈ ತೆಗೆಯದೆ, ಸಾಲಾಗಿ, ಸದ್ದಿಲ್ಲದೆ ಮನೆಗೆ ಹೋದರು. ನಾನು ಬೇಲಿ ದಾಟುವಾಗ ಇಂದಕ್ಕ, "ನೀವಲ್ಲ ಅಂತ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳುತ್ತಿದ್ದಳು. "ಹೇಳಿದ್ನಲ್ಲ," ಎಂದ ಧೂಮಣ್ಣ. "ಹೇಳಿದ್ರಿ. ಗುಳುಂ ಬೀಳಲಿಲ್ಲವಲ್ಲ," ಎಂದಳು. ಆಮೇಲೆ ಅವಳು ಅತ್ತದ್ದು ಆಚೆ ದಂಡೆಯವರಿಗೂ ಕೇಳಿಸಿತು.

ಈಗ ಪಾರಿಸಪ್ಪನವರು ದಿನಾ ಬೆಳಿಗ್ಗೆ ಕೋಟು ಹಾಕಿಕೊಂಡೇ ಇಂದಕ್ಕನ ದಂಡೆಯ ಮೇಲೆ ಬೋರಲು ಮಲಗಿ ಬಿಲ ನೋಡುತ್ತಾರೆ, ಮುಂಗುಸಿ ಬಂದರೆ ಚಪ್ಪಾಳೆ ತಟ್ಟಿ ಓಡಿಸುತ್ತಾರೆ, ಬೆಕ್ಕುಗಳ ಮಣಿ ಪರೀಕ್ಷಿಸುತ್ತಾರೆ. ಅಡುಗೆಯನ್ನೂ ಅವರೇ ಮಾಡಿಕೊಳ್ಳುತ್ತಾರೆ; ಪದ್ಮಕ್ಕನವರು ಪಕ್ಕದಲ್ಲಿ ಕೂತು ಉಪ್ಪು ಎಷ್ಟೆಂದು ಹೇಳುತ್ತಾರೆ. ಎಷ್ಟು ಕಾಲ ಕಾಪಾಡಬೇಕು ಎಂದು ಒಮ್ಮೆ ನನ್ನನ್ನು ಕೇಳಿದರು. "ಕಾಪಾಡ್ತೀನಿ" ಎಂಬುದು ವರ್ತಮಾನವೂ ಹೌದು ಭವಿಷ್ಯವೂ ಹೌದು, ಕನ್ನಡದಲ್ಲಿ ಅದಕ್ಕೆ ಕೊನೆ ಕಾಣಿಸಿಲ್ಲ ಎಂದೆ. ನಿಟ್ಟುಸಿರಿಟ್ಟು ಮತ್ತೆ ಹುಲ್ಲಿಗೆ ಮುಖವಿಟ್ಟರು. ಕೆಳಗಿನ ಊರಿನ ಮಕ್ಕಳು ಸೀಬೆಕಾಯಿ ಯಾಕೆ ಬರುತ್ತಿಲ್ಲವೆಂದು ಕೇಳಿಕೊಂಡು ಬಂದಿದ್ದವು.

ಊರಿನಲ್ಲಿ ಎಲ್ಲ ಹಿತ್ತಲುಗಳಿಂದಲೂ ಸಿಮೆಂಟು ಒಡೆಯುವ ಸದ್ದು. ಯಾರೂ ಯಾರನ್ನೂ ಏಕೆಂದು ಕೇಳುವುದಿಲ್ಲ. ನಾನೂ ಧೂಮಣ್ಣನಿಂದ ಹಾರೆ ತಂದಿದ್ದೇನೆ. ಇವತ್ತು ಬೆಳಿಗ್ಗೆ ಮೊದಲ ಏಟು ಹಾಕುವಾಗ ಸುಗುಣ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. "ರೀ, ನಮ್ಮ ದಂಡೆಗೂ ಇಲಿ ಬಂದ ಮೇಲೆ, ಊರವರೆಲ್ಲರ ಮುಂದೆ, ನಾನು ನಿಮ್ಮನ್ನ..." ಎಂದಳು. ಅಲ್ಲಿಗೆ ನಿಲ್ಲಿಸಿ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಅಡುಗೆಮನೆಯ ಕಿಟಕಿಯ ಕಡೆ ಕಿವಿಗೊಟ್ಟು ನಿಂತಿದ್ದೇನೆ. ಒಗ್ಗರಣೆಯ ಸದ್ದು ಮಾತ್ರ ಬರುತ್ತಿದೆ. ಹಾರೆ ಇನ್ನೂ ಕೈಯಲ್ಲೇ ಇದೆ.